ಮೊದಲ ಸಲ ಕಾಶಿಗೆ: ತಿಂಗಳು ಗೊತ್ತುಮಾಡುವುದರಿಂದ ವಾಪಸು ರೈಲು ಹತ್ತುವ ತನಕ

ಕಾಶಿಗೆ ಹೋಗಿ ಬಂದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ವಿಶ್ವನಾಥನ ದರ್ಶನ ಆಯಿತು, ಆಮೇಲೆ ಅಮ್ಮನ ಮೊಣಕಾಲು ಊದಿಕೊಂಡು ಎರಡು ದಿನ ರೂಮಿನಲ್ಲೇ ಕಳೆಯಿತು. ಟ್ಯಾಕ್ಸಿ ದಿನಪೂರ್ತಿ ಬಾಡಿಗೆಗೆ ಹಿಡಿದಿದ್ದರೂ ಅದು ಎಲ್ಲೋ ಅರ್ಧ ಮೈಲಿ ದೂರದಲ್ಲಿ ನಿಂತಿತ್ತು. ಫೋನ್ ಇಡಲು ಹೋದ ಅಂಗಡಿಯವನು ಪೂಜೆ ತಟ್ಟೆಗೆ ಸಾವಿರ ರೂಪಾಯಿ ಕೇಳಿದ.

ತಪ್ಪು ಆಗುವುದು ಕ್ರಮದಲ್ಲಿ. ದೇವಸ್ಥಾನಗಳ ಪಟ್ಟಿಯನ್ನು ಮೊದಲು ಬರೆದು, ಸಿಕ್ಕ ರೈಲು ಬುಕ್ ಮಾಡಿ, ಅಗ್ಗದ ರೂಮು ಹಿಡಿದು, ಅಲ್ಲಿ ಹೋದ ಮೇಲೆ ನೋಡೋಣ ಎಂದು ಹೊರಡುತ್ತಾರೆ. ಕಾಶಿಯ ಹಳೇ ಊರಿನೊಳಕ್ಕೆ ಕಾರು ಬರುವುದಿಲ್ಲ, ಹಲವು ಗಲ್ಲಿಗಳಿಗೆ ಆಟೋನೂ ಬರುವುದಿಲ್ಲ. ಅಲ್ಲಿ ಎಲ್ಲವೂ ಕಾಲ್ನಡಿಗೆಯ ಲೆಕ್ಕ ಮತ್ತು ಗಂಗೆಯ ನೀರಿನ ಮಟ್ಟದ ಲೆಕ್ಕ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ.

1. ಮೊದಲು ಮೊಣಕಾಲಿನ ಅಳತೆ

ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಒಂದೇ ಸಲಕ್ಕೆ ಎಷ್ಟು ದೂರ ನಡೆಯಬಲ್ಲರು? ಎಷ್ಟು ಮೆಟ್ಟಿಲು ಹತ್ತಬಲ್ಲರು? ಊರಿನಲ್ಲೇ ಇದನ್ನು ನೋಡಿಬಿಡಿ. ಒಂದು ಸಂಜೆ ಅವರೊಂದಿಗೆ ಒಂದು ಕಿಲೋಮೀಟರ್ ನಡೆಯಿರಿ, ನಲವತ್ತು ಮೆಟ್ಟಿಲು ಹತ್ತಿಳಿಯಿರಿ. ಕಾಶಿಯಲ್ಲಿ ಒಂದು ದರ್ಶನಕ್ಕೆ ಕನಿಷ್ಠ ಇಷ್ಟಾದರೂ ಬೇಕು.

ಆರಾಮಾಗಿ ನಡೆದರೆ ಈ ಬರಹದ ಯಾವ ಆಯ್ಕೆಯೂ ನಿಮ್ಮದೇ. ನಡುವೆ ಎರಡು ಸಲ ಕೂರಬೇಕಾಯಿತು ಅಂದರೆ ಉಳಿಯುವ ಜಾಗ, ದೋಣಿ ಹತ್ತುವ ಘಾಟು, ದರ್ಶನದ ಹೊತ್ತು ಮೂರೂ ಬದಲಾಗುತ್ತವೆ. ಮುಂದಿನ ಎಲ್ಲ ಹಂತಗಳಿಗೂ ಅಳತೆಗೋಲು ಇದೇ.

2. ತಿಂಗಳು ಗೊತ್ತುಮಾಡುವುದು

ಮೊದಲ ಭೇಟಿಗೆ ಒಳ್ಳೆಯದು ಅಕ್ಟೋಬರ್ ಕೊನೆಯಿಂದ ನವೆಂಬರ್, ಇಲ್ಲವೇ ಫೆಬ್ರವರಿಯಿಂದ ಮಾರ್ಚ್ ನಡುವಿನ ತನಕ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರುತ್ತದೆ. ಒಂದು ಘಾಟಿನಿಂದ ಇನ್ನೊಂದಕ್ಕೆ ಹೋಗುವ ಕೆಳಗಿನ ಮೆಟ್ಟಿಲುಗಳು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ, ಆರತಿಯನ್ನು ಮೇಲಕ್ಕೆ, ಕೆಲವೊಮ್ಮೆ ಕಟ್ಟಡದ ಮಾಳಿಗೆಗೆ ಸಾಗಿಸುತ್ತಾರೆ. ವಾರಾಣಸಿಯಲ್ಲಿ ಅಪಾಯದ ಮಟ್ಟ 71.262 ಮೀಟರ್, ಎಚ್ಚರಿಕೆಯ ಮಟ್ಟ ಅದಕ್ಕಿಂತ ಸರಿಯಾಗಿ 1 ಮೀಟರ್ ಕೆಳಗೆ. ಮಳೆಗಾಲದಲ್ಲೇ ಹೋಗಬೇಕಾದರೆ ಹೊರಡುವ ವಾರ ನೀರು ಈ ಎರಡು ಅಂಕಿಗಳಿಗೆ ಎಷ್ಟು ಹತ್ತಿರ ಇದೆ ಎಂದು ಸುದ್ದಿಯಲ್ಲಿ ನೋಡುತ್ತಿರಿ. ನೀರು ಇಳಿದ ಕೂಡಲೇ ಹೋದರೂ ತೊಂದರೆಯೇ: ಮೆಟ್ಟಿಲ ಮೇಲೆ ಆಳುದ್ದದ ಹೂಳು ಕೂತಿರುತ್ತದೆ, ಪೈಪಿನಲ್ಲಿ ನೀರು ಹೊಡೆದು ಅದನ್ನು ತೊಳೆಯುವುದಕ್ಕೇ ವಾರಗಟ್ಟಲೆ ಬೇಕು.

ಡಿಸೆಂಬರ್ ನಡುವಿನಿಂದ ಜನವರಿ ಕೊನೆಯ ತನಕ ಮಂಜು. ರೈಲು ಗಂಟೆಗಟ್ಟಲೆ ತಡ, ವಿಮಾನ ರದ್ದು, ಬೆಳಗಿನ ದೋಣಿಯಿಂದ ಎದುರು ದಡವೇ ಕಾಣದು. ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೆಂಗಳೂರಿನ ಸ್ವೆಟರ್ ಅಲ್ಲಿ ಸಾಲದು. ಮೇ, ಜೂನ್‌ನಲ್ಲಿ 42ರಿಂದ 45 ಡಿಗ್ರಿ. ಹಿರಿಯರನ್ನು ಕರೆದುಕೊಂಡು ಹೋಗಲೇಬೇಡಿ.

ಮಹಾಶಿವರಾತ್ರಿ, ಶ್ರಾವಣ ಸೋಮವಾರ, ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ ಪುಣ್ಯದಿನಗಳೇ ಸರಿ. ಆದರೆ ಮೊದಲ ಸಲ ಹೋಗುವವರು ಈ ದಿನಗಳನ್ನು ಬಿಡಿ. ಉತ್ತರ ಭಾರತದ ಶ್ರಾವಣ ನಮ್ಮ ಪಂಚಾಂಗದ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ಇದು ಗೊತ್ತಿಲ್ಲದೆ, "ಇನ್ನೂ ಆಷಾಢ, ಜನ ಇರಲ್ಲ" ಎಂದು ಹೋಗಿ ಲಕ್ಷಾಂತರ ಕಾವಡಿ ಯಾತ್ರಿಗಳ ನಡುವೆ ಸಿಕ್ಕಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

3. ಎಷ್ಟು ದಿನ

ಪ್ರಯಾಣ ಬಿಟ್ಟು ಮೂರು ರಾತ್ರಿ. ಪಿತೃಕಾರ್ಯ ಇದ್ದರೆ ಇನ್ನೊಂದು ದಿನ. ಒಂದೇ ದಿನದಲ್ಲಿ ಎಲ್ಲ ತೋರಿಸುತ್ತೇವೆ ಎನ್ನುವ ಪ್ಯಾಕೇಜಿನಲ್ಲಿ ಒಂದು ದರ್ಶನದ ಸಾಲು ಎರಡು ಗಂಟೆ ಉದ್ದವಾಯಿತು ಅಂದರೆ ಉಳಿದದ್ದೆಲ್ಲ ಕೈತಪ್ಪುತ್ತದೆ.

4. ಯಾವ ನಿಲ್ದಾಣದಲ್ಲಿ ಇಳಿಯುತ್ತೀರಿ

"ಕಾಶಿಗೆ ರೈಲು" ಎಂದರೆ ಐದು ನಿಲ್ದಾಣಗಳಲ್ಲಿ ಒಂದು. ವಾರಾಣಸಿ ಜಂಕ್ಷನ್, ಅಲ್ಲಿನವರ ಬಾಯಲ್ಲಿ ಕ್ಯಾಂಟ್, ಕೋಡ್ ಬಿಎಸ್‌ಬಿ. ಬನಾರಸ್, ಹಿಂದಿನ ಮಂಡುವಾಡೀಹ್, ಕೋಡ್ ಬಿಎಸ್‌ಬಿಎಸ್. ವಾರಾಣಸಿ ಸಿಟಿ ಮತ್ತು ಕಾಶಿ ಎನ್ನುವ ಹೆಸರಿನದೇ ಎರಡು ಚಿಕ್ಕ ನಿಲ್ದಾಣಗಳು. ಐದನೆಯದು ಗಂಗೆಯ ಆಚೆ ದಡದ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಹಳೇ ಮುಘಲ್‌ಸರಾಯ್, ಕೋಡ್ ಡಿಡಿಯು.

ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ದಿನವೂ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್ ವಾರಾಣಸಿ ಊರೊಳಗೆ ಬರುವುದಿಲ್ಲ, ಡಿಡಿಯು ಮೂಲಕ ಪಟ್ನಾ ಕಡೆ ಹೋಗುತ್ತದೆ. ಆ್ಯಪಿನಲ್ಲಿ ವಾರಾಣಸಿ ಎಂದಷ್ಟೇ ಹುಡುಕಿ "ರೈಲೇ ಇಲ್ಲ" ಎನ್ನುವವರು ಇದನ್ನು ಕಾಣದೆ ಬಿಟ್ಟಿರುತ್ತಾರೆ. ಡಿಡಿಯುನಿಂದ ಊರಿಗೆ ಸುಮಾರು 16 ಕಿಲೋಮೀಟರ್; ದಟ್ಟಣೆ ನೋಡಿಕೊಂಡು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಿರಿ. ರೂಮು ಊರಿನ ದಕ್ಷಿಣ ತುದಿಯ ಅಸ್ಸಿ ಘಾಟಿನ ಕಡೆ ಇದ್ದರೆ ರಾಮನಗರದ ಮೇಲೆ ಸಾಮ್ನೆ ಘಾಟ್ ಸೇತುವೆ ದಾಟಿ ಹೋಗಲು ಡ್ರೈವರ್‌ಗೆ ಮೊದಲೇ ಹೇಳಿ. ರಾಜಘಾಟ್ ಸೇತುವೆಯಿಂದ ಬಂದರೆ ಊರಿನ ಗದ್ದಲವನ್ನೆಲ್ಲ ಸೀಳಿಕೊಂಡು ಹೋಗಬೇಕಾಗುತ್ತದೆ. ಮೈಸೂರಿನಿಂದ ವಾರಾಣಸಿಗೇ ಬರುವ ರೈಲು ಇದೆ, ಆದರೆ ದಿನವೂ ಇಲ್ಲ.

ಟಿಕೆಟು 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 120 ದಿನ ಇತ್ತು. ಹಳೇ ಲೆಕ್ಕದಲ್ಲಿ ಕಾದು ಕೂರಬೇಡಿ. ಕೆಳಗಿನ ಬರ್ತ್ ಬೇಕೆಂದರೆ ತೆರೆದ ದಿನ ಬೆಳಗ್ಗೆ 8ಕ್ಕೇ ಕೂತು ಮಾಡಿ.

ವಿಮಾನವಾದರೆ ಬಾಬತ್‌ಪುರದಲ್ಲಿ ಇಳಿದು ಸುಮಾರು 25 ಕಿಲೋಮೀಟರ್ ರಸ್ತೆ.

ಇನ್ನೊಂದು ದಾರಿ ಕರ್ನಾಟಕ ಸರ್ಕಾರ ಮತ್ತು ರೈಲ್ವೆ ಸೇರಿ 2022ರ ನವೆಂಬರ್‌ನಲ್ಲಿ ಶುರುಮಾಡಿದ ಭಾರತ್ ಗೌರವ್ ಕಾಶಿ ದರ್ಶನ ರೈಲು. ಊಟ, ವಸತಿ, ಗುಂಪು ಎಲ್ಲ ಕೂಡಿಯೇ ಇರುವುದರಿಂದ ಒಂಟಿ ಹಿರಿಯರಿಗೆ ಇದು ಅನುಕೂಲ; ಆದರೆ ಕಾಶಿಯಲ್ಲಿ ಸಿಗುವ ಹೊತ್ತು ಕಡಿಮೆ. ಧಾರ್ಮಿಕ ದತ್ತಿ ಇಲಾಖೆಯ ಸಹಾಯಧನದ ಆಲೋಚನೆ ಇದ್ದರೆ ಆ ವರ್ಷದ ಆದೇಶವನ್ನು ಹೊರಡುವ ಮುಂಚೆ ಓದಿ. ಟಿಕೆಟು, ರಸೀದಿ ಯಾವುದನ್ನೂ ಬಿಸಾಡಬೇಡಿ.

5. ಉಳಿಯುವ ಜಾಗ: ಯಾವ ಘಾಟು ಎಂದು ಕೇಳಿ

ಇಡೀ ಯೋಜನೆಯ ಕೀಲು ಇಲ್ಲಿದೆ, ನಿಧಾನವಾಗಿ ಓದಿ.

ಗಂಗೆ ಕಾಶಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಊರು ಪಶ್ಚಿಮದ ದಡದಲ್ಲಿದೆ, ಎಲ್ಲ ಘಾಟುಗಳೂ ಪೂರ್ವಕ್ಕೆ ಮುಖ. ದಕ್ಷಿಣದ ತುದಿ ಅಸ್ಸಿ. ಅಲ್ಲಿಂದ ಉತ್ತರಕ್ಕೆ ನಡೆದರೆ ತುಳಸಿ, ಚೇತ್‌ಸಿಂಗ್, ಹನುಮಾನ್, ಹರಿಶ್ಚಂದ್ರ, ಕೇದಾರ, ದಶಾಶ್ವಮೇಧ, ಲಲಿತಾ, ಮಣಿಕರ್ಣಿಕಾ, ಪಂಚಗಂಗಾ, ಕೊನೆಗೆ ರಾಜಘಾಟ್ ಮತ್ತು ಆದಿಕೇಶವ. ಅಸ್ಸಿಯಿಂದ ದಶಾಶ್ವಮೇಧಕ್ಕೆ ಮೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಈ ಹತ್ತು ಹನ್ನೆರಡು ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಲ್ಲಿಯಲ್ಲಿ ಮ್ಯಾಪು ತಪ್ಪಿದಾಗ ಹತ್ತಿರದ ಘಾಟಿಗೆ ಇಳಿದು ಗೋಡೆಯ ಮೇಲೆ ದೊಡ್ಡದಾಗಿ ಬರೆದ ಹೆಸರು ಓದಿದರೆ ಸಾಕು, ಎಲ್ಲಿದ್ದೀರಿ, ಎಡಕ್ಕೋ ಬಲಕ್ಕೋ ಎಂದು ತಿಳಿಯುತ್ತದೆ.

ನಡೆಯಲು ಕಷ್ಟ ಇರುವವರಿದ್ದರೆ ಅಸ್ಸಿ ಕಡೆ ಇಳಿದುಕೊಳ್ಳಿ. ಆಟೋ ಘಾಟಿನ ಸಮೀಪದ ತನಕ ಬರುತ್ತದೆ, ರಸ್ತೆ ಅಗಲ. ವಿಶ್ವನಾಥ ಮಾತ್ರ ದೂರ.

ದರ್ಶನವೇ ಮುಖ್ಯ, ಬೆಳಗಿನ ಜಾವ ಹೋಗಬೇಕು ಎನ್ನುವವರಿಗೆ ದಶಾಶ್ವಮೇಧ ಘಾಟಿಗೆ ಹತ್ತಿರದ ಚೌಕವಾದ ಗೋದೌಲಿಯಾ ಸುತ್ತಮುತ್ತ. ನೂರಾರು ವರ್ಷಗಳಿಂದ ಇರುವ ವೀರಶೈವರ ಜಂಗಮವಾಡಿ ಮಠ ಗೋದೌಲಿಯಾ ಚೌಕದಿಂದ ನಡೆಯುವ ದೂರದಲ್ಲಿದೆ. ಯಾತ್ರಿಗಳಿಗೆ ವಸತಿ ಉಂಟು, ಕನ್ನಡದಲ್ಲೇ ಮಾತಾಡಬಹುದು. ಹನುಮಾನ್ ಘಾಟಿನ ಕಡೆ ಕರ್ನಾಟಕದ ಛತ್ರ ಇದೆ, ಪಕ್ಕದಲ್ಲೇ ಮೈಸೂರಿನ ಹೆಸರಿನ ಘಾಟು. ಅಲ್ಲಿಂದ ಕೇದಾರ ಘಾಟಿನ ತನಕದ ಗಲ್ಲಿಗಳಲ್ಲಿ ದಕ್ಷಿಣದವರ ಮಠ, ಮನೆ, ಊಟದ ಜಾಗ ಸಿಗುತ್ತವೆ. ಮೂರು ದಿನ ರೊಟ್ಟಿ ತಿಂದು ಅನ್ನ ಸಾರಿಗೆ ಹಂಬಲಿಸುವ ಅಜ್ಜಿಗೆ ಇದು ಸಣ್ಣ ವಿಷಯ ಅಲ್ಲ. ಮಠ, ಛತ್ರ ಎರಡಕ್ಕೂ ಮುಂಚೆಯೇ ಫೋನು ಮಾಡಿ ದಿನ ಖಚಿತಪಡಿಸಿಕೊಳ್ಳಿ. ಹಬ್ಬದ ಹೊತ್ತಿನಲ್ಲಿ ಹೇಳದೆ ಹೋದರೆ ಜಾಗ ಸಿಗದು.

ಹೋಟೆಲಾದರೆ ದುಡ್ಡು ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಆಟೋ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ನಿಮಿಷ ನಡಿಗೆ? ನಡುವೆ ಮೆಟ್ಟಿಲು ಎಷ್ಟು? ಲಿಫ್ಟ್ ಇದೆಯೇ? ಆಟೋದವನಿಗೆ ಯಾವ ಗುರುತು ಹೇಳಬೇಕು? "ಘಾಟಿಗೆ ಅಂಟಿಕೊಂಡೇ ಇದೆ" ಎಂಬ ಉತ್ತರ ಬಂದರೆ ಎಚ್ಚರ. ಘಾಟಿಗೆ ಅಂಟಿಕೊಂಡ ಮನೆ ರಸ್ತೆಯಿಂದ ದೂರವೇ ಇರುತ್ತದೆ. ಸೂಟ್‌ಕೇಸು ಎಳೆದುಕೊಂಡು, ಹಸು ಮತ್ತು ಬೈಕಿಗೆ ದಾರಿ ಬಿಡುತ್ತಾ, ಎರಡಾಳು ಅಗಲದ ಗಲ್ಲಿಯಲ್ಲಿ ಕಾಲು ಗಂಟೆ ನಡೆಯಬೇಕಾಗಬಹುದು.

ನಿಲ್ದಾಣದಲ್ಲಿ "ಆ ಹೋಟೆಲ್ ಮುಚ್ಚಿದೆ, ಅಲ್ಲಿಗೆ ರಸ್ತೆ ಬಂದ್, ಬೇರೆ ಒಳ್ಳೇದು ತೋರಿಸ್ತೀನಿ" ಎಂದ ಆಟೋದವನಿಗೆ ಆ ಬೇರೆ ಹೋಟೆಲಿನಿಂದ ಕಮಿಷನ್ ಇರುತ್ತದೆ. ಅವನ ಎದುರಿಗೇ ನಿಮ್ಮ ಹೋಟೆಲಿಗೆ ಫೋನು ಹಚ್ಚಿ, ಅವನ ಕೈಗೆ ಕೊಡಿ.

6. ಚೀಲದಲ್ಲಿ ಏನಿರಬೇಕು

ಚಕ್ರದ ದೊಡ್ಡ ಪೆಟ್ಟಿಗೆ ಬೇಡ, ಬೆನ್ನಿಗೆ ಹಾಕುವ ಚೀಲ ಸಾಕು. ಅಡಿ ಜಾರದ ರಬ್ಬರ್ ಚಪ್ಪಲಿ, ಸ್ನಾನಕ್ಕೆ ಬೇರೆ ಪಂಚೆ ಮತ್ತು ಒದ್ದೆ ಬಟ್ಟೆ ತುಂಬಲು ಎರಡು ದಪ್ಪ ಪ್ಲಾಸ್ಟಿಕ್ ಕವರ್. ಮೂಲ ಆಧಾರ್ ಕಾರ್ಡು. 10, 20, 50ರ ನೋಟುಗಳು ಸುಮಾರು ಒಂದು ಸಾವಿರದಷ್ಟು. ಯುಪಿಐ ಎಲ್ಲ ಕಡೆ ನಡೆಯುತ್ತದೆ, ಆದರೆ ಫೋನಿಲ್ಲದೆ ಒಳಗೆ ಹೋಗುವ ಜಾಗಗಳೇ ಇಲ್ಲಿ ಜಾಸ್ತಿ. ಗುಂಪಿನ ಪ್ರತಿಯೊಬ್ಬರ ಜೇಬಿನಲ್ಲೂ ಹೋಟೆಲಿನ ಹೆಸರು, ಘಾಟು, ಇಬ್ಬರ ಫೋನ್ ನಂಬರ್ ಹಿಂದಿಯಲ್ಲಿ ಬರೆದ ಚೀಟಿ ಇರಲಿ. ತಪ್ಪಿಸಿಕೊಂಡ ಹಿರಿಯರನ್ನು ವಾಪಸು ತಂದುಕೊಡುವುದು ಈ ಚೀಟಿಯೇ.

7. ಮೊದಲ ಸಂಜೆ ಆರತಿ ಮಾತ್ರ

ಇಳಿದ ದಿನವೇ ದರ್ಶನಕ್ಕೆ ಓಡಬೇಡಿ. ದಶಾಶ್ವಮೇಧದ ಗಂಗಾರತಿ ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ತಡವಾಗಿ ಶುರು, ಮುಕ್ಕಾಲು ಗಂಟೆ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಬೆಂಗಳೂರಿಗಿಂತ ಸುಮಾರು ಮುಕ್ಕಾಲು ಗಂಟೆ ಮುಂಚೆ. "ಇನ್ನೂ ಐದೂವರೆ" ಎಂದು ಕೂತರೆ ಅಷ್ಟರಲ್ಲಿ ಕತ್ತಲಾಗಿರುತ್ತದೆ.

ಮೆಟ್ಟಿಲ ಮೇಲೆ ಜಾಗ ಬೇಕೆಂದರೆ ಒಂದು ಗಂಟೆ ಮೊದಲು ಕೂರಬೇಕು. ನೆಲಕ್ಕೆ ಕೂರಲಾಗದವರಿಗೆ ದೋಣಿ ವಾಸಿ. ಆದರೆ ದೋಣಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸುವುದರಿಂದ ಮುಗಿಯುವ ಮೊದಲು ಎದ್ದು ಬರಲಾಗದು, ಶೌಚಕ್ಕೂ ಸಹ. ಆರತಿ ಮುಗಿದ ಕೂಡಲೇ ಏಳಬೇಡಿ. ಅರ್ಧ ಗಂಟೆ ಕೂತಿದ್ದು ಹೊರಟರೆ ಗೋದೌಲಿಯಾ ತನಕದ ನೂಕುನುಗ್ಗಲು ತಪ್ಪುತ್ತದೆ. ಅಸ್ಸಿಯಲ್ಲೂ ಸಂಜೆ ಆರತಿ ಇದೆ, ಜನ ಕಡಿಮೆ.

8. ವಿಶ್ವನಾಥನ ದರ್ಶನ

ದೇವಸ್ಥಾನ ತೆರೆಯುವುದು ಬೆಳಗಿನ ಜಾವ ಎರಡೂವರೆಗೆ. 3ರಿಂದ 4 ಮಂಗಳಾರತಿ, ಅದಕ್ಕೆ ಟಿಕೆಟು. 4ರಿಂದ 11ರವರೆಗೆ ಸಾಮಾನ್ಯ ದರ್ಶನ. ಮಧ್ಯಾಹ್ನ ಭೋಗಾರತಿ, ಸಂಜೆ 7ಕ್ಕೆ ಸಪ್ತರ್ಷಿ ಆರತಿ. ಆರತಿಯ ಹೊತ್ತಿನಲ್ಲಿ ಸಾಲು ಅಲ್ಲೇ ನಿಲ್ಲುತ್ತದೆ. ಹತ್ತೂವರೆಗೆ ಹೋಗಿ ಸಾಲಿಗೆ ಸೇರಿದವರು ಮಧ್ಯಾಹ್ನ ಒಂದಾದರೂ ಹೊರಬರದೆ ಒದ್ದಾಡುವುದು ಇದಕ್ಕೇ. ಒಳ್ಳೆಯ ಹೊತ್ತು 4ರಿಂದ 6, ವಾರದ ನಡುವಿನ ದಿನ, ಸೋಮವಾರ ಬಿಟ್ಟು.

ಹಿರಿಯರಿದ್ದರೆ ದುಡ್ಡು ಕಟ್ಟುವ ಸುಗಮ ದರ್ಶನದ ಟಿಕೆಟು ತೆಗೆದುಕೊಳ್ಳಿ. ಇದನ್ನೂ ಆರತಿ ಟಿಕೆಟನ್ನೂ ದೇವಸ್ಥಾನ ಟ್ರಸ್ಟ್‌ನ ಅಧಿಕೃತ ಜಾಲತಾಣದಲ್ಲಿ ಅಥವಾ ಅಲ್ಲಿನ ಕೌಂಟರಿನಲ್ಲಿ ಮಾತ್ರ ಕೊಳ್ಳಿ. ದೊಡ್ಡ ಹಬ್ಬದ ದಿನಗಳಲ್ಲಿ ಸುಗಮ ದರ್ಶನ ನಿಲ್ಲಿಸುತ್ತಾರೆ. ಗಲ್ಲಿಯಲ್ಲಿ ಅಡ್ಡ ಬಂದು "ವಿಐಪಿ ದರ್ಶನ, ಹತ್ತೇ ನಿಮಿಷ" ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ, ಅವರು ಬಿಳಿ ಪಂಚೆ ಉಟ್ಟು ವಿಭೂತಿ ಹಚ್ಚಿದ್ದರೂ ಸರಿಯೇ.

ಫೋನು, ಚೀಲ, ಸ್ಮಾರ್ಟ್‌ವಾಚು, ಇಯರ್‌ಫೋನು ಯಾವುದೂ ಒಳಗೆ ಬಿಡುವುದಿಲ್ಲ. ರೂಮಿನಲ್ಲೇ ಬಿಟ್ಟು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಒಯ್ದರೆ ಆಗುವುದು ಇದು: ದ್ವಾರದ ಹತ್ತಿರದ ಅಂಗಡಿಯವನು "ಲಾಕರ್ ಫ್ರೀ" ಎಂದು ಕೂಗಿ ಕರೆಯುತ್ತಾನೆ. ಫೋನು ಒಳಗಿಟ್ಟು ಬೀಗದ ಕೈ ಕೊಡುವಾಗ ಜೊತೆಗೊಂದು ಬುಟ್ಟಿ ಬರುತ್ತದೆ, ಅದರಲ್ಲಿ ಹಾಲು, ಬಿಲ್ವ, ಪೇಡ, ಒಂದು ಶಾಲು. ಬೆಲೆ ಕೇಳಿದರೆ "ಬಂದ ಮೇಲೆ ಕೊಡಿ" ಎನ್ನುತ್ತಾನೆ. ವಾಪಸು ಬಂದಾಗ ಫೋನು ಅವನ ಬೀಗದೊಳಗೆ ಇರುತ್ತದೆ, ಚೌಕಾಸಿಗೆ ನಿಮ್ಮ ಕೈ ಕಟ್ಟಿರುತ್ತದೆ. ದೇವಸ್ಥಾನದ ಲಾಕರ್ ಬಳಸಿ. ಅಂಗಡಿಯದೇ ಆಗಬೇಕಾದರೆ ಬುಟ್ಟಿಯ ಬೆಲೆಯನ್ನು ಮೊದಲೇ ಕೊಟ್ಟು ಮುಗಿಸಿ.

2021ರ ಡಿಸೆಂಬರ್‌ನಲ್ಲಿ ತೆರೆದ ಕಾರಿಡಾರಿನಿಂದಾಗಿ ಲಲಿತಾ ಘಾಟಿನಿಂದ ನೇರ ಮೇಲಕ್ಕೆ ಬರುವ ದಾರಿಯೂ ಇದೆ, ಗೋದೌಲಿಯಾ–ಚೌಕ್ ರಸ್ತೆಯ ಕಡೆಯಿಂದ 4ನೇ ದ್ವಾರವೂ ಇದೆ. ಮೊಣಕಾಲು ನೋವಿನವರನ್ನು ರಸ್ತೆಯ ಕಡೆಯಿಂದಲೇ ಕರೆತನ್ನಿ, ನದಿ ಕಡೆಯ ಮೆಟ್ಟಿಲು ಬೇಡ. ಎಲ್ಲರೂ ಯಾವ ದ್ವಾರದಿಂದ ಹೊರಬರಬೇಕು, ಎಲ್ಲಿ ಸೇರಬೇಕು ಎಂದು ಒಳಹೋಗುವ ಮುಂಚೆ ಮಾತಾಡಿಕೊಳ್ಳಿ. ಒಳಗೆ ಚದುರಿದರೆ ಫೋನಿಲ್ಲ.

ಹೊರಬಂದ ಮೇಲೆ ಅನ್ನಪೂರ್ಣೆ, ಆಮೇಲೆ ಮೀರ್ ಘಾಟಿನ ವಿಶಾಲಾಕ್ಷಿ. ಇವೆರಡೂ ನಡೆಯುವ ದೂರ. ಕಾಲಭೈರವನನ್ನು ಇದಕ್ಕೇ ಪೋಣಿಸಬೇಡಿ. ಅದು ಇನ್ನೂ ಉತ್ತರಕ್ಕೆ, ಮೈದಾಗಿನ್ ಎಂಬ ಜಾಗದ ಕಡೆ, ಅದಕ್ಕೆ ಬೇರೆ ಬೆಳಗು ಇಡಿ. ಕಾಶಿ ದಾರ ತರಬೇಕಾದರೆ ಅಲ್ಲಿಂದಲೇ. ಭಾನುವಾರ, ಮಂಗಳವಾರ ಅಲ್ಲಿ ಜನಜಂಗುಳಿ.

9. ದೋಣಿ ಮತ್ತು ಸ್ನಾನ

ಬೆಳಗಿನ ದೋಣಿಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಘಾಟಿನಲ್ಲಿರಿ: ಜೂನ್‌ನಲ್ಲಿ ನಾಲ್ಕೂವರೆ, ಜನವರಿಯಲ್ಲಿ ಆರೂಕಾಲು. ಅಸ್ಸಿಯಲ್ಲಿ ಹತ್ತಿ ಉತ್ತರಕ್ಕೆ ಹೋಗುವುದೆಂದರೆ ಹರಿವಿನ ಜೊತೆ ಹೋದಂತೆ. ಹುಟ್ಟು ಹಾಕುವ ದೋಣಿಯೂ ಸರಾಗವಾಗಿ ಸಾಗುತ್ತದೆ. ಹಾಗಾಗಿ ಅಸ್ಸಿಯಲ್ಲಿ ಹತ್ತಿ, ಮಣಿಕರ್ಣಿಕಾ ತನಕ ಹೋಗಿ, ದಶಾಶ್ವಮೇಧಕ್ಕೆ ತಿರುಗಿ ಬಂದು ಅಲ್ಲೇ ಇಳಿದುಬಿಡಿ.

ದೋಣಿಗೆ ಕಾಲಿಡುವ ಮುಂಚೆ ನಾಲ್ಕು ಮಾತು ತೀರ್ಮಾನವಾಗಬೇಕು: ಇಡೀ ದೋಣಿಗೋ ತಲೆಗೋ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಮೋಟಾರೋ ಹುಟ್ಟೋ. "ಇಷ್ಟ ಬಂದಷ್ಟು ಕೊಡಿ" ಎಂದರೆ ಹತ್ತಬೇಡಿ. ತಲೆ ಎಣಿಸಿ ಲೈಫ್ ಜಾಕೆಟ್ ಕೊಡದ ದೋಣಿಯಿಂದ ಇಳಿದುಬಿಡಿ.

ಸ್ನಾನಕ್ಕೆ ಕೇದಾರ, ಹನುಮಾನ್ ಘಾಟುಗಳಲ್ಲಿ ದಶಾಶ್ವಮೇಧದಷ್ಟು ಗದ್ದಲ ಇರುವುದಿಲ್ಲ. ನೀರಿನ ಅಂಚಿನ ಕಲ್ಲು ನೋಡಿ: ಒಣಗಿದ ಮೆಟ್ಟಿಲು ಬೂದು ಬಣ್ಣ, ನೀರು ತಾಕುವ ಎರಡು ಮೆಟ್ಟಿಲು ಕಡುಹಸಿರು. ಆ ಹಸಿರೇ ಪಾಚಿ, ಜಾರಿ ಬೀಳುವುದು ಅಲ್ಲೇ. ಕೂತುಕೊಂಡೇ ಇಳಿಯಿರಿ, ಸರಪಳಿ ಇದ್ದರೆ ಕೈಬಿಡಬೇಡಿ. ಮೆಟ್ಟಿಲು ನೀರೊಳಗೆ ಎಲ್ಲಿ ಮುಗಿಯುತ್ತದೆ ಎಂದು ಮೇಲಿನಿಂದ ಕಾಣದು, ಮುಗಿದಲ್ಲಿ ಒಮ್ಮೆಲೇ ಆಳ. ಸೊಂಟದ ಮಟ್ಟ ಮೀರಬೇಡಿ. ಒಬ್ಬರು ದಡದಲ್ಲಿ ಬಟ್ಟೆಬರೆ ನೋಡಿಕೊಳ್ಳಲಿ.

ಮಣಿಕರ್ಣಿಕಾ, ಹರಿಶ್ಚಂದ್ರ ಘಾಟುಗಳಲ್ಲಿ ಚಿತೆಗಳ ಫೋಟೋ ತೆಗೆಯಬೇಡಿ. ಅದು ಇನ್ನೊಬ್ಬರ ಮನೆಯ ಸಾವು. ಅಲ್ಲಿ ಜೊತೆಗೆ ನಡೆದು ಎಲ್ಲ ವಿವರಿಸಿ, ಕೊನೆಗೆ ಬಡವರ ಸೌದೆಗೆ ಕಿಲೋ ಲೆಕ್ಕದಲ್ಲಿ ದಾನ ಕೇಳುವವರಿದ್ದಾರೆ. ಮಾತಿಗೆ ನಿಲ್ಲದೆ ಕೈಮುಗಿದು ಮುಂದೆ ಹೋಗಿ.

10. ಪಿತೃಕಾರ್ಯ ಇದ್ದವರಿಗೆ

ಪುರೋಹಿತರನ್ನು ಊರಿನಿಂದಲೇ, ಹೋಗಿ ಬಂದ ನೆಂಟರ ಮೂಲಕ ಗೊತ್ತುಮಾಡಿಕೊಳ್ಳಿ. ಘಾಟಿನಲ್ಲಿ ಹುಡುಕಲು ಹೊರಟರೆ ಸಂಕಲ್ಪದ ನಡುವೆ ನೀರು ಕೈಯಲ್ಲಿರುವಾಗಲೇ "ಇಷ್ಟು ಸಾವಿರ ಎಂದು ಹೇಳಿ" ಎನ್ನುವ ಒತ್ತಾಯ ಬರಬಹುದು. ಸಾಮಗ್ರಿ, ದಕ್ಷಿಣೆ, ಬ್ರಾಹ್ಮಣ ಭೋಜನ, ದೋಣಿ ಎಲ್ಲ ಸೇರಿ ಎಷ್ಟು ಎಂದು ಒಂದೇ ಮೊತ್ತ ಕೇಳಿಕೊಳ್ಳಿ. ಎರಡೂ ಕಡೆಯ ಮೂರು ತಲೆಮಾರಿನ ಹೆಸರು, ಗೋತ್ರ ಬರೆದ ಹಾಳೆ ಒಯ್ಯಿರಿ. ಆ ಹೊತ್ತಿನಲ್ಲಿ ತಾಯಿಯ ಅಜ್ಜಿಯ ಹೆಸರು ಯಾರಿಗೂ ನೆನಪಾಗುವುದಿಲ್ಲ.

ಪ್ರಯಾಗ, ಕಾಶಿ, ಗಯಾ ಮೂರೂ ಆಗಬೇಕಾದರೆ ರೂಢಿಯ ಕ್ರಮವೂ ಅದೇ. ಪ್ರಯಾಗ ಸುಮಾರು 120 ಕಿಲೋಮೀಟರ್ ಪಶ್ಚಿಮಕ್ಕೆ, ಗಯಾ ಸುಮಾರು 250 ಕಿಲೋಮೀಟರ್ ಪೂರ್ವಕ್ಕೆ. ಗಯಾವನ್ನು ಕಾಶಿಯಿಂದ ಒಂದೇ ದಿನದಲ್ಲಿ ಹೋಗಿ ಬರುವ ಲೆಕ್ಕ ಹಾಕಬೇಡಿ, ಅಲ್ಲೊಂದು ರಾತ್ರಿ ಇರಲಿ.

11. ಉಳಿದ ಅರ್ಧ ದಿನಗಳು

ದುರ್ಗಾಕುಂಡ, ತುಳಸಿ ಮಾನಸ, ಸಂಕಟಮೋಚನ, ಬನಾರಸ್ ಹಿಂದೂ ವಿಶ್ವವಿದ್ಯಾಲಯದೊಳಗಿನ ವಿಶ್ವನಾಥ ಮಂದಿರ: ನಾಲ್ಕೂ ದಕ್ಷಿಣದಲ್ಲಿ ಒಂದೇ ಸಾಲಿನಲ್ಲಿವೆ, ಒಂದು ಆಟೋ ಸಾಕು. ಸಂಕಟಮೋಚನಕ್ಕೆ ಮಂಗಳವಾರ, ಶನಿವಾರ ಬೇಡ. ಸಾರನಾಥ ಸುಮಾರು 10 ಕಿಲೋಮೀಟರ್ ದೂರ. ಅಶೋಕ ಸ್ತಂಭದ ಸಿಂಹಶೀರ್ಷ ಇರುವ ಅಲ್ಲಿನ ಮ್ಯೂಸಿಯಂ ಶುಕ್ರವಾರ ರಜೆ, ವಾರ ನೋಡಿಕೊಳ್ಳದೆ ಹೋದವರು ಬಾಗಿಲಿನಿಂದ ತಿರುಗಿ ಬರುತ್ತಾರೆ.

ಸೀರೆಯನ್ನು ಆಟೋದವನೋ ಗೈಡೋ ಕರೆದೊಯ್ದ ಅಂಗಡಿಯಲ್ಲಿ ಕೊಳ್ಳಬೇಡಿ. ಅವನ ಪಾಲು ಬೆಲೆಯಲ್ಲೇ ಸೇರಿರುತ್ತದೆ.

12. ಹೊರಡುವ ದಿನ

ಟಿಕೆಟಿನ ಮೇಲಿನ ನಿಲ್ದಾಣದ ಕೋಡ್ ಹಿಂದಿನ ರಾತ್ರಿಯೇ ಮತ್ತೊಮ್ಮೆ ಓದಿ. ಬಿಎಸ್‌ಬಿಯೋ ಬಿಎಸ್‌ಬಿಎಸ್ಸೋ ಎಂಬ ಒಂದಕ್ಷರದ ವ್ಯತ್ಯಾಸಕ್ಕೆ ರೈಲು ತಪ್ಪಿಸಿಕೊಳ್ಳುವವರಿದ್ದಾರೆ. ಡಿಡಿಯು ಆದರೆ ರೂಮಿನಿಂದ ಮೂರು ಗಂಟೆ ಮೊದಲು ಹೊರಡಿ, ಮಂಜಿನ ಕಾಲದಲ್ಲಿ ರೈಲು ಎಲ್ಲಿದೆ ಎಂದು 139ಕ್ಕೆ ಕೇಳಿ ಹೊರಡಿ.

ಗಂಗಾಜಲವನ್ನು ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ತರುವುದಾದರೆ ಅಂಗಡಿಯಲ್ಲೇ ಒಂದು ನಿಮಿಷ ತಲೆಕೆಳಗಾಗಿ ಹಿಡಿದು ನೋಡಿ. ಬೆಸುಗೆಯ ಸುತ್ತ ತೇವ ಕಂಡರೆ ಬೇರೆಯದು ಕೇಳಿ. ಎರಡು ದಿನದ ರೈಲಿನಲ್ಲಿ ಅರ್ಧ ಸೋರಿಹೋಗಿರುತ್ತದೆ. ವಿಮಾನವಾದರೆ ಗಿಂಡಿ ಚೆಕ್-ಇನ್ ಪೆಟ್ಟಿಗೆಯಲ್ಲಿ, ಪವರ್‌ಬ್ಯಾಂಕು ಕೈಚೀಲದಲ್ಲಿ. ಮನೆಯಲ್ಲಿ ಸಮಾರಾಧನೆಯ ದಿನವನ್ನು ಊರು ಸೇರಿದ ಮಾರನೆಯ ದಿನಕ್ಕೇ ಇಟ್ಟುಕೊಳ್ಳಬೇಡಿ, ರೈಲು ತಡವಾದರೆ ಕರೆದ ನೆಂಟರು ಬಾಗಿಲಲ್ಲಿ ಕಾಯಬೇಕಾಗುತ್ತದೆ.